ರ‍್ಯಾಮ್ ಪಕ್ಕದ ಡೊಂಕು ಗೆರೆಗಳು: ಬೋರ್ಡಿನ ಮೇಲೆ ಸಿಗ್ನಲ್ ಟೈಮಿಂಗ್ ಅಂದ್ರೇನು?

2025ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ನಮ್ಮ ದೇಶದಲ್ಲೇ ಮಾಡಿಸಲು 22,919 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಯೋಜನೆಯ ಪಟ್ಟಿಯಲ್ಲಿ ಬಹುಪದರದ ಪಿಸಿಬಿ, ಅಂದ್ರೆ ಚಿಪ್ಪುಗಳನ್ನು ಕೂರಿಸುವ ಸರ್ಕ್ಯೂಟ್ ಬೋರ್ಡು ಕೂಡ ಇದೆ. ಈಗ ಕಲಬುರಗಿ, ಬೀದರ್, ಯಾದಗಿರಿ ಕಡೆ ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ "ಪಿಸಿಬಿ ಡಿಸೈನ್ ಕಲಿತರೆ ಕೆಲಸ ಸಿಗ್ತದಂತೆ" ಅನ್ನುವ ಮಾತು ಕೇಳಿಬರುತ್ತಿದೆ. ಕಲಿಯಲು ಕೂತವರಿಗೆ ಬೇಗನೆ ಎದುರಾಗುವ ಪದ ಲೆಂಗ್ತ್ ಮ್ಯಾಚಿಂಗ್, ಅಂದ್ರೆ ಬೋರ್ಡಿನ ಮೇಲಿನ ತಾಮ್ರದ ಗೆರೆಗಳ ಉದ್ದ ಸರಿಹೊಂದಿಸುವುದು. ಯಾಕೆ ಸರಿಹೊಂದಿಸಬೇಕು, ಎಷ್ಟು, ಎಲ್ಲಿ ಬೇಡ ಅನ್ನುವುದನ್ನು ಬುಡದಿಂದ ಹೇಳುವವರು ಕಡಿಮೆ. ಹಳೆಯ ಮದರ್‌ಬೋರ್ಡ್ ಬಿಚ್ಚಿ ನೋಡಿದವರಿಗೂ ಇದೇ ಪ್ರಶ್ನೆ ಬಂದಿರುತ್ತದೆ. ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ಹೋಗುವ ಗೆರೆಗಳು ನೆಟ್ಟಗೆ ಹೋಗುವ ಜಾಗವಿದ್ದರೂ ಅಂಕುಡೊಂಕಾಗಿ ಯಾಕೆ ಹೋಗುತ್ತವೆ?

ಎಲೆಕ್ಟ್ರಾನಿಕ್ಸ್ ಓದದವರಿಗೂ ಅರ್ಥವಾಗುವಂತೆ ಹೇಳಲು ನೋಡುತ್ತೇನೆ. ಲೆಕ್ಕ ಸ್ವಲ್ಪ ಬರುತ್ತದೆ, ಆದರೆ ಕೂಡೋದು, ಗುಣಿಸೋದು ಬಂದರೆ ಸಾಕು.

ಮೊದಲು, ಬೋರ್ಡು ಅಂದ್ರೆ ಏನು

ಹಸಿರು ಬಣ್ಣದ ಆ ಹಲಗೆಯ ಒಳಗಿರುವುದು ಗಾಜಿನ ನೂಲಿನ ಬಟ್ಟೆ ಮತ್ತು ಎಪಾಕ್ಸಿ ಅಂಟು. ಎರಡನ್ನೂ ಸೇರಿಸಿ, ಒತ್ತಿ ಮಾಡಿದ ಈ ಸಾಮಗ್ರಿಗೆ ಎಫ್‌ಆರ್-4 ಅನ್ನುತ್ತಾರೆ. ಅದರ ಮೇಲೆ ತಾಮ್ರದ ತೆಳು ಹಾಳೆ ಅಂಟಿಸಿ, ಬೇಡದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿದರೆ ಉಳಿಯುವುದೇ ಗೆರೆ. ಇದಕ್ಕೆ ಟ್ರೇಸ್ ಅಂತ ಹೆಸರು. ತಾಮ್ರದ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್, ಬೋರ್ಡಿನ ದಪ್ಪ 1.6 ಮಿಲಿಮೀಟರ್.

ಕಾಲೇಜಿನ ಪ್ರಾಜೆಕ್ಟ್ ಬೋರ್ಡಿಗೆ ಮೇಲೊಂದು ಕೆಳಗೊಂದು ಎರಡು ಪದರ ಇರುತ್ತದೆ. ಕಂಪ್ಯೂಟರ್ ಬೋರ್ಡಿನಲ್ಲಿ ನಾಲ್ಕು, ಆರು, ಎಂಟು ಅಥವಾ ಇನ್ನೂ ಜಾಸ್ತಿ. ಒಳಗಿನ ಒಂದೆರಡು ಪದರಗಳು ಪೂರ್ತಿ ತಾಮ್ರವೇ, ಗೆರೆಯೇ ಇಲ್ಲದ ಹಾಳೆ. ಅವು ಚಿಪ್ಪುಗಳಿಗೆ ಕರೆಂಟ್ ಒಯ್ಯುವ ಪವರ್‌ಗೆ ಮತ್ತು ಅದು ವಾಪಸ್ ಬರುವ ಗ್ರೌಂಡ್‌ಗೆ. ಒಂದು ಪದರದಿಂದ ಇನ್ನೊಂದಕ್ಕೆ ಗೆರೆ ಇಳಿಸಲು ತೂತು ಕೊರೆದು ಒಳಗೋಡೆಗೆ ತಾಮ್ರ ಹತ್ತಿಸುತ್ತಾರೆ. ಅದು ವಯಾ.

ಸಿಗ್ನಲ್ ತಕ್ಷಣ ತಲುಪಲ್ವಾ?

ಸ್ವಿಚ್ ಹಾಕಿದ ಕೂಡಲೇ ಲೈಟ್ ಹತ್ತುತ್ತದೆ, ಹಾಗಾಗಿ ವಿದ್ಯುತ್ತಿಗೆ ಹೊತ್ತೇ ಬೇಡ ಅಂತ ನಮಗನ್ನಿಸುತ್ತದೆ. ಆದರೆ ಬೆಳಕಿಗೂ ಹೊತ್ತು ಬೇಕು. ಒಂದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು, ಅಂದ್ರೆ ಒಂದು ನ್ಯಾನೋ ಸೆಕೆಂಡಿನಲ್ಲಿ, ಬೆಳಕು ಓಡುವುದು ಸುಮಾರು 30 ಸೆಂಟಿಮೀಟರ್. ಅಮೆರಿಕದ ನೌಕಾಪಡೆಯ ಗಣಕ ವಿಜ್ಞಾನಿ ಗ್ರೇಸ್ ಹಾಪರ್ ಅವರು ತಮ್ಮ ಭಾಷಣಗಳಲ್ಲಿ ಅಷ್ಟೇ ಉದ್ದದ ತಂತಿ ತುಂಡುಗಳನ್ನು ಜನರಿಗೆ ಹಂಚಿ, ಇದೇ ನೋಡಿ ಒಂದು ನ್ಯಾನೋ ಸೆಕೆಂಡ್ ಅಂತ ತೋರಿಸುತ್ತಿದ್ದರು.

ಬೋರ್ಡಿನ ಮೇಲೆ ವೇಗ ಇನ್ನೂ ಕಡಿಮೆ. ಸಿಗ್ನಲ್ ಅನ್ನುವುದು ತಾಮ್ರದ ಒಳಗೆ ಎಲೆಕ್ಟ್ರಾನ್ ಓಡಿಹೋಗುವ ವಿಷಯವಲ್ಲ. ಗೆರೆಗೂ ಅದರ ಕೆಳಗಿನ ಗ್ರೌಂಡ್ ಹಾಳೆಗೂ ನಡುವೆ ಸಾಗುವ ವಿದ್ಯುತ್ ಅಲೆ ಅದು. ಅಲೆ ಹಾಯುವ ಜಾಗದಲ್ಲಿ ಗಾಜು ಮತ್ತು ಎಪಾಕ್ಸಿ ಇರುವುದರಿಂದ ವೇಗ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಎರಡು ಹಾಳೆಗಳ ನಡುವೆ ಸಿಕ್ಕಿಕೊಂಡಿರುವ ಒಳಪದರದ ಗೆರೆಯಲ್ಲಿ ನ್ಯಾನೋ ಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್. ಹೊರಪದರದ ಗೆರೆಯ ಮೇಲ್ಗಡೆ ಗಾಳಿ ಇರುತ್ತದೆ, ಹಾಗಾಗಿ ಅಲ್ಲಿ ಸ್ವಲ್ಪ ಜೋರು, 17 ಸೆಂಟಿಮೀಟರ್ ಆಸುಪಾಸು.

ಇನ್ನು ಮುಂದೆ ನಮಗೆ ಪಿಕೋ ಸೆಕೆಂಡ್ ಬೇಕಾಗುತ್ತದೆ. ನ್ಯಾನೋ ಸೆಕೆಂಡಿನ ಸಾವಿರದ ಒಂದು ಭಾಗ ಅದು. ಎರಡೇ ಅಂಕಿ ನೆನಪಿಟ್ಟುಕೊಳ್ಳಿ: ಒಂದು ಮಿಲಿಮೀಟರ್ ದಾಟಲು ಹೊರಪದರದಲ್ಲಿ ಸುಮಾರು 6 ಪಿಕೋ ಸೆಕೆಂಡ್, ಒಳಪದರದಲ್ಲಿ ಸುಮಾರು 7. ಈ ಲೇಖನದ ಲೆಕ್ಕವೆಲ್ಲ ಇವೆರಡರ ಮೇಲೇ ನಿಂತಿದೆ.

ಚಿಪ್ ಯಾವಾಗ ಓದುತ್ತದೆ

ಚಿಪ್ ಸದಾ ಗೆರೆಯನ್ನು ನೋಡುತ್ತಾ ಕೂರುವುದಿಲ್ಲ. ಕ್ಲಾಕ್ ಅನ್ನುವ ಇನ್ನೊಂದು ಗೆರೆ ಇರುತ್ತದೆ, ಅದರಲ್ಲಿ ವೋಲ್ಟೇಜ್ ಒಂದೇ ಲಯದಲ್ಲಿ ಏರುತ್ತಾ ಇಳಿಯುತ್ತಾ ಇರುತ್ತದೆ. ಕ್ಲಾಕ್ ಏರಿದ ಆ ಕ್ಷಣದಲ್ಲಿ ಡೇಟಾ ಗೆರೆಗಳಲ್ಲಿ ಏನಿದೆಯೋ ಅದನ್ನು ಚಿಪ್ ಓದಿಕೊಳ್ಳುತ್ತದೆ. ಎಂಟು ಗೆರೆಗಳಿದ್ದರೆ ಎಂಟನ್ನೂ ಒಟ್ಟಿಗೆ.

ಒಂದು ಮದುವೆ ಅಂದುಕೊಳ್ಳಿ. ಕಲಬುರಗಿಯ ಕಲ್ಯಾಣ ಮಂಟಪಕ್ಕೆ ಆಳಂದ, ಜೇವರ್ಗಿ, ಸೇಡಂ, ಅಫಜಲಪುರ, ಚಿಂಚೋಳಿಯಿಂದ ಒಂದೊಂದು ಜೀಪು ಹೊರಟಿದೆ. ಎಲ್ಲವೂ ಒಂದೇ ಗಳಿಗೆಗೆ ಹೊರಟು, ಒಂದೇ ವೇಗದಲ್ಲಿ ಬರುತ್ತವೆ. ಚಿಂಚೋಳಿ ದೂರ, ಹಾಗಾಗಿ ಆ ಜೀಪು ಕೊನೆಗೆ ಬರುತ್ತದೆ. ಅಕ್ಷತೆ ಬೀಳುವುದು ಮಾತ್ರ ಒಂದೇ ಕ್ಷಣ, ಯಾರಿಗೂ ಕಾಯುವುದಿಲ್ಲ. ಆ ಕ್ಷಣಕ್ಕೆ ಮುಂಚೆ ಎಲ್ಲರೂ ಬಂದು, ಕೈಯಲ್ಲಿ ಅಕ್ಕಿಕಾಳು ಹಿಡಿದು ನಿಂತಿರಬೇಕು. ಅಕ್ಷತೆ ಬಿದ್ದ ಕೂಡಲೇ ಊಟಕ್ಕೆ ಓಡಿದರೂ ಆಗುವುದಿಲ್ಲ, ಸ್ವಲ್ಪ ಹೊತ್ತು ನಿಲ್ಲಬೇಕು.

ಚಿಪ್ಪಿನ ಭಾಷೆಯಲ್ಲಿ ಅಕ್ಷತೆಯ ಕ್ಷಣವೇ ಕ್ಲಾಕ್ ಏರುವ ಅಂಚು. ಅದಕ್ಕೆ ಮುಂಚೆ ಡೇಟಾ ಬಂದು ಅಲ್ಲಾಡದೆ ನಿಲ್ಲಬೇಕಾದ ಹೊತ್ತಿಗೆ ಸೆಟಪ್ ಟೈಮ್ ಅನ್ನುತ್ತಾರೆ, ಆಮೇಲೂ ನಿಂತಿರಬೇಕಾದ ಹೊತ್ತಿಗೆ ಹೋಲ್ಡ್ ಟೈಮ್. ಒಂದು ಗೆರೆಗೂ ಇನ್ನೊಂದಕ್ಕೂ ತಲುಪುವ ಹೊತ್ತಿನಲ್ಲಿ ಬರುವ ವ್ಯತ್ಯಾಸ ಸ್ಕ್ಯೂ. ಇವುಗಳಲ್ಲಿ ಒಂದು ತಪ್ಪಿದರೂ ಚಿಪ್ 1 ಇದ್ದಲ್ಲಿ 0 ಓದಬಹುದು. ತೊಂದರೆ ಏನಂದ್ರೆ ಪ್ರತಿ ಸಲವೂ ತಪ್ಪು ಓದುವುದಿಲ್ಲ. ಲಕ್ಷ ಸಲ ಸರಿಯಾಗಿ ಓದಿ ಒಂದು ಸಲ ತಪ್ಪುತ್ತದೆ, ಕಂಪ್ಯೂಟರ್ ಸುಮ್ನೆ ನಿಂತುಬಿಡುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಚಿಂಚೋಳಿಯನ್ನು ಹತ್ತಿರ ತರಲು ಆಗಲ್ಲ. ಆದರೆ ಆಳಂದದ ಜೀಪನ್ನು ಸುತ್ತುದಾರಿಯಲ್ಲಿ ಕಳಿಸಬಹುದು ಅಲ್ವಾ? ಬೋರ್ಡಿನ ಮೇಲಿನ ಡೊಂಕು ಗೆರೆ ಮಾಡುವುದೂ ಇದನ್ನೇ. ಹತ್ತಿರದ ಪಿನ್‌ಗೆ ಹೋಗುವ ಗೆರೆಯನ್ನು ಬೇಕಂತಲೇ ಸುತ್ತಿಸಿ, ದೂರದ ಪಿನ್‌ಗೆ ಹೋಗುವುದರಷ್ಟೇ ಉದ್ದ ಮಾಡುತ್ತಾರೆ.

ಇದೇನೂ ಇತ್ತೀಚಿನ ಉಪಾಯವಲ್ಲ. 1976ರಲ್ಲಿ ಬಂದ ಕ್ರೇ-1 ಸೂಪರ್ ಕಂಪ್ಯೂಟರ್‌ನ ಒಂದು ಕ್ಲಾಕ್ ಸುತ್ತು 12.5 ನ್ಯಾನೋ ಸೆಕೆಂಡ್. ಅದರ ಒಳಗಿನ ಯಾವ ತಂತಿಯೂ ನಾಲ್ಕು ಅಡಿಗಿಂತ ಉದ್ದ ಇರಲಿಲ್ಲ, ಟೈಮಿಂಗ್ ಕೂಡಿಬರಲಿ ಅಂತ ತಂತಿಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಹಾಕಿದ್ದರು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಸಿ ಅಕ್ಷರದ ಆಕಾರ. ತಂತಿಗಳು ಗಿಡ್ಡ ಆಗಲಿ ಅಂತಲೇ ಆ ಆಕಾರ.

ಗುಜರಿಯಲ್ಲಿ ಸಿಗುವ ಒಂದು ಪಾಠ

ಕಂಪ್ಯೂಟರ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಹಳೆಯ ಪಿಸಿಐ ಕಾರ್ಡ್, ಅಂದ್ರೆ ಮದರ್‌ಬೋರ್ಡಿನ ಸ್ಲಾಟಿಗೆ ಸಿಕ್ಕಿಸುವ ಕಾರ್ಡ್ ಇದ್ದರೆ ಕೇಳಿ ತಂದು ನೋಡಿ. ಸೌಂಡ್ ಕಾರ್ಡೋ ಲ್ಯಾನ್ ಕಾರ್ಡೋ ಯಾವುದಾದರೂ ಆಗುತ್ತದೆ. ಕೆಳಗಿನ ಚಿನ್ನದ ಬಣ್ಣದ ಪಿನ್‌ಗಳಿಂದ ಮೇಲಿನ ದೊಡ್ಡ ಚಿಪ್ಪಿಗೆ ಹತ್ತಾರು ಗೆರೆಗಳು ಹೆಚ್ಚುಕಡಿಮೆ ನೆಟ್ಟಗೆ ಹೋಗಿರುತ್ತವೆ. ಅವುಗಳ ನಡುವೆ ಒಂದೇ ಒಂದು ಗೆರೆ ಮಾತ್ರ ಬಳುಕಿ ಬಳುಕಿ ಹೋಗಿರುವುದು ಎಷ್ಟೋ ಕಾರ್ಡುಗಳಲ್ಲಿ ಕಾಣುತ್ತದೆ. ಅದು ಕ್ಲಾಕ್. ಪಿಸಿಐ ನಿಯಮದ ಪ್ರಕಾರ ಕಾರ್ಡಿನ ಮೇಲೆ ಆ ಗೆರೆಯ ಉದ್ದ 2.5 ಇಂಚು ಇರಬೇಕು, ಹೆಚ್ಚುಕಡಿಮೆ ಆದರೂ 0.1 ಇಂಚಿನೊಳಗೆ. ಚಿಪ್ ಪಿನ್ನಿಗೆ ಎಷ್ಟೇ ಹತ್ತಿರ ಇದ್ದರೂ ಅಷ್ಟೇ. ಎಲ್ಲ ಕಂಪನಿಯ ಕಾರ್ಡುಗಳೂ ಇದನ್ನು ಪಾಲಿಸಿದರೆ, ಮದರ್‌ಬೋರ್ಡ್ ಮಾಡುವವರು ಯಾವ ಸ್ಲಾಟಿಗೆ ಯಾವ ಕಾರ್ಡ್ ಬಂದರೂ ಕ್ಲಾಕ್ ಒಂದೇ ಹೊತ್ತಿಗೆ ತಲುಪುತ್ತದೆ ಅಂತ ನಂಬಿ ತಮ್ಮ ಕಡೆಯ ಗೆರೆ ಎಳೆಯಬಹುದು.

ಆ ನಿಯಮದಲ್ಲಿ ಹೊತ್ತನ್ನು ಹಂಚಿರುವ ರೀತಿ ನನಗೆ ತುಂಬಾ ಇಷ್ಟ. ಟೈಮಿಂಗ್ ಬಜೆಟ್ ಅಂದ್ರೇನು ಅಂತ ಅದು ಒಂದೇ ಸಾಲಿನಲ್ಲಿ ತೋರಿಸುತ್ತದೆ. ಕ್ಲಾಕ್ 33 ಮೆಗಾಹರ್ಟ್ಜ್, ಅಂದ್ರೆ ಒಂದು ಸುತ್ತಿಗೆ 30 ನ್ಯಾನೋ ಸೆಕೆಂಡ್. ಕಳಿಸುವ ಚಿಪ್ ಕ್ಲಾಕ್ ನೋಡಿ ಡೇಟಾ ಹೊರಗೆ ಹಾಕಲು 11. ಅದು ಬೋರ್ಡಿನ ಮೇಲೆ ಓಡಿ, ಅಲುಗಾಟ ನಿಂತು ನೆಲೆಗೊಳ್ಳಲು 10. ಎರಡು ಚಿಪ್ಪುಗಳಿಗೆ ಕ್ಲಾಕ್ ಮುಟ್ಟುವ ಹೊತ್ತಿನ ವ್ಯತ್ಯಾಸಕ್ಕೆ 2. ಓದುವ ಚಿಪ್ಪಿನ ಸೆಟಪ್ ಟೈಮ್ 7. ಕೂಡಿಸಿ, ಸರಿಯಾಗಿ 30. ಒಂದು ನ್ಯಾನೋ ಸೆಕೆಂಡೂ ಉಳಿದಿಲ್ಲ. ಒಬ್ಬರು ತಮ್ಮ ಪಾಲಿಗಿಂತ ಜಾಸ್ತಿ ತಗೊಂಡರೆ ಇನ್ನೊಬ್ಬರಿಗೆ ಕಡಿಮೆ ಬೀಳುತ್ತದೆ.

ಹೈ ಸ್ಪೀಡ್ ಬೋರ್ಡ್ ಡಿಸೈನ್ ಅಂದ್ರೆ ಮೂಲದಲ್ಲಿ ಈ ಹಂಚಿಕೆಯೇ. ನಮ್ಮ ಕೈಯಲ್ಲಿರುವುದು ಗೆರೆಯ ಪಾಲು ಮಾತ್ರ, ಅದು ಎಷ್ಟು ಅಂತ ಗೊತ್ತಿಲ್ಲದೆ ಉದ್ದ ಸರಿಮಾಡಲು ಕೂತರೆ ಎಲ್ಲಿಗೆ ನಿಲ್ಲಿಸಬೇಕು ಅನ್ನುವುದೇ ತಿಳಿಯುವುದಿಲ್ಲ.

ರ‍್ಯಾಮ್ ಹತ್ತಿರ ಲೆಕ್ಕ ಬಿಗಿಯಾಗುತ್ತದೆ

ಈಗ ಡಿಡಿಆರ್4-3200 ರ‍್ಯಾಮ್‌ಗೆ ಬರೋಣ. ಈಗಲೂ ಎಷ್ಟೋ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಇದೇ. ಪ್ರತಿ ಡೇಟಾ ಗೆರೆಯಲ್ಲೂ ಸೆಕೆಂಡಿಗೆ 320 ಕೋಟಿ ಬಿಟ್ ಹೋಗುತ್ತದೆ. ಬಿಟ್ ಅಂದ್ರೆ ಒಂದು 0 ಅಥವಾ ಒಂದು 1. ಕ್ಲಾಕ್ 1600 ಮೆಗಾಹರ್ಟ್ಜ್, ಅದು ಏರುವಾಗ ಒಂದು ಬಿಟ್, ಇಳಿಯುವಾಗ ಇನ್ನೊಂದು. ಹಾಗಾಗಿ ಒಂದು ಬಿಟ್ಟಿಗೆ ಸಿಗುವುದು 312.5 ಪಿಕೋ ಸೆಕೆಂಡ್.

ಎರಡು ಡೇಟಾ ಗೆರೆಗಳ ಉದ್ದದಲ್ಲಿ 10 ಮಿಲಿಮೀಟರ್ ವ್ಯತ್ಯಾಸ ಇದೆ ಅಂದುಕೊಳ್ಳಿ, ಕಿರುಬೆರಳಿನ ಉಗುರಿನಷ್ಟು. ಒಳಪದರದಲ್ಲಿ ಅದು 70 ಪಿಕೋ ಸೆಕೆಂಡ್. ಬಿಟ್ಟಿನ ಹೊತ್ತಿನಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ಅಲ್ಲೇ ಹೋಯಿತು. ಉಳಿದದ್ದರಲ್ಲಿ ಚಿಪ್ಪಿನ ಸೆಟಪ್, ಹೋಲ್ಡ್, ಕ್ಲಾಕ್ ತಾನೇ ಆ ಕಡೆ ಈ ಕಡೆ ಅಲುಗುವ ಜಿಟ್ಟರ್, ಪಕ್ಕದ ಗೆರೆಯಿಂದ ಬರುವ ಗದ್ದಲ ಎಲ್ಲ ಹೊಂದಬೇಕು. ಹಾಗಾಗಿ ಗೆರೆಯ ವ್ಯತ್ಯಾಸಕ್ಕೆ ಬಿಡುವುದು ಕೆಲವು ಪಿಕೋ ಸೆಕೆಂಡ್, ಹೆಚ್ಚೆಂದರೆ ಹತ್ತಿಪ್ಪತ್ತು. ಮಿಲಿಮೀಟರ್ ಲೆಕ್ಕದಲ್ಲಿ ಒಂದೋ ಎರಡೋ. ನಿಖರವಾಗಿ ಎಷ್ಟು ಅನ್ನುವುದು ಆಯಾ ಪ್ರೊಸೆಸರ್ ಕಂಪನಿಯ ಮಾರ್ಗಸೂಚಿಯಲ್ಲಿ ಇರುತ್ತದೆ, ಯಾವಾಗಲೂ ಅದೇ ಅಂತಿಮ.

ಇಲ್ಲಿ ಎಲ್ಲ ಗೆರೆಗಳನ್ನೂ ಒಂದೇ ಉದ್ದ ಮಾಡಬೇಕು ಅಂತ ಹಲವರು ತಿಳಿಯುತ್ತಾರೆ. ಹಾಗಿಲ್ಲ. ಡೆಸ್ಕ್‌ಟಾಪ್ ರ‍್ಯಾಮ್‌ನಲ್ಲಿ 64 ಡೇಟಾ ಗೆರೆ ಇರುತ್ತವೆ. ಅವನ್ನು ಎಂಟೆಂಟರ ಎಂಟು ಗುಂಪು ಮಾಡಿ, ಪ್ರತಿ ಗುಂಪಿಗೂ ಡಿಕ್ಯೂಎಸ್ ಅನ್ನುವ ಸ್ವಂತ ಸ್ಟ್ರೋಬ್ ಕೊಟ್ಟಿರುತ್ತಾರೆ. ಸ್ಟ್ರೋಬ್ ಅಂದ್ರೆ ಡೇಟಾದ ಜೊತೆಗೇ ಹೊರಟು ಜೊತೆಗೇ ಬರುವ ಕ್ಲಾಕ್. ಪಿಸಿಐ ಕಾಲದ ಹಾಗೆ ಎಲ್ಲರಿಗೂ ಸೇರಿದ ಒಂದೇ ಕ್ಲಾಕನ್ನು ನಂಬಿ ಕೂತರೆ 10 ನ್ಯಾನೋ ಸೆಕೆಂಡ್ ಓಟಕ್ಕೇ ಹೋಗುತ್ತಿತ್ತು, ಅಷ್ಟರಲ್ಲಿ ಇಲ್ಲಿ 32 ಬಿಟ್ ಹೋಗಿಬಿಡುತ್ತವೆ. ಕ್ಲಾಕೇ ಡೇಟಾದ ಜೊತೆ ಓಡಿದರೆ ದಾರಿ ಎಷ್ಟು ಉದ್ದ ಅನ್ನುವುದು ಮುಖ್ಯವಾಗುವುದಿಲ್ಲ, ಜೊತೆಗೆ ಬಂದರಾ ಅನ್ನುವುದಷ್ಟೇ ಮುಖ್ಯ. ಆದ್ದರಿಂದ ಬಿಗಿ ಲೆಕ್ಕ ಬೇಕಿರುವುದು ಒಂದು ಗುಂಪಿನ ಎಂಟು ಗೆರೆ ಮತ್ತು ಅದರ ಸ್ಟ್ರೋಬ್ ನಡುವೆ. ಒಂದು ಗುಂಪಿಗೂ ಇನ್ನೊಂದಕ್ಕೂ ಸಾಕಷ್ಟು ಸಡಿಲ ಇರುತ್ತದೆ.

ಆ ಸಡಿಲ ಎಲ್ಲಿಂದ ಬಂತು ಅಂದ್ರೆ, ಡಿಡಿಆರ್3 ಕಾಲದಿಂದ ರ‍್ಯಾಮ್ ಪಟ್ಟಿಯ ಮೇಲೆ ಅಡ್ರೆಸ್ (ಯಾವ ಜಾಗದ ಮಾಹಿತಿ ಬೇಕು ಅಂತ ಹೇಳುವ) ಮತ್ತು ಕ್ಲಾಕ್ ಗೆರೆಗಳು ಒಂದು ಚಿಪ್ಪನ್ನು ಮುಟ್ಟಿ, ಮುಂದಿನದಕ್ಕೆ ಹೋಗಿ, ಹೀಗೆ ಸಾಲಾಗಿ ಸಾಗುತ್ತವೆ. ಫ್ಲೈ-ಬೈ ಅನ್ನುತ್ತಾರೆ. ಮೊದಲ ಚಿಪ್ಪಿಗೆ ಕ್ಲಾಕ್ ಬೇಗ, ಕೊನೆಯದಕ್ಕೆ ತಡ. ಈ ತಡವನ್ನು ಕಂಪ್ಯೂಟರ್ ಆನ್ ಆಗುವಾಗ ಪ್ರೊಸೆಸರ್ ತಾನೇ ಅಳೆದು, ಪ್ರತಿ ಗುಂಪಿನ ಸ್ಟ್ರೋಬನ್ನು ಅಷ್ಟಷ್ಟೇ ಹಿಂದೆಮುಂದೆ ಸರಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅಂತ ಹೆಸರು. ಡಿಡಿಆರ್5 ಕಂಪ್ಯೂಟರ್‌ಗೆ ಹೊಸ ರ‍್ಯಾಮ್ ಹಾಕಿದಾಗ ಮೊದಲ ಸಲ ಪರದೆ ಬಹಳ ಹೊತ್ತು ಕಪ್ಪಗೆ ಇರುವುದನ್ನು ನೋಡಿರಬಹುದು. ರ‍್ಯಾಮ್ ಕೆಟ್ಟಿದೆ ಅಂತ ಗಾಬರಿಯಾಗಿ ಪ್ಲಗ್ ಕಿತ್ತುಬಿಡುವವರು ಇದ್ದಾರೆ. ಆ ಹೊತ್ತಿನಲ್ಲಿ ಒಳಗೆ ನಡೆಯುತ್ತಿರುವುದು ಈ ಅಳತೆಯೇ. ಕೆಲವು ನಿಮಿಷ ಕಾಯಬೇಕು.

ಉದ್ದ ಒಂದೇ ಆದರೂ ಹೊತ್ತು ಒಂದೇ ಅಲ್ಲ

ಬೋರ್ಡ್ ಡಿಸೈನ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಎರಡೂ ಗೆರೆ 50 ಮಿಲಿಮೀಟರ್ ಅಂತ ತೋರಿಸುತ್ತಿದೆ. ಒಂದು ಹೊರಪದರದಲ್ಲಿದೆ, ಇನ್ನೊಂದು ಒಳಪದರದಲ್ಲಿ. ಮೇಲಿನ ಎರಡು ಅಂಕಿಗಳನ್ನು ಗುಣಿಸಿ ನೋಡಿ: ಒಂದಕ್ಕೆ 300 ಪಿಕೋ ಸೆಕೆಂಡ್, ಇನ್ನೊಂದಕ್ಕೆ 350. ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ, ಹೊತ್ತಿನಲ್ಲಿ 50 ಪಿಕೋ ಸೆಕೆಂಡ್ ತಪ್ಪಿದೆ. ಡಿಡಿಆರ್4 ಗುಂಪಿಗೆ ಇಷ್ಟು ತಪ್ಪು ಜಾಸ್ತಿಯಾಯಿತು. ಅದಕ್ಕೇ ಒಂದು ಗುಂಪಿನ ಗೆರೆಗಳೆಲ್ಲ ಒಂದೇ ಪದರದಲ್ಲಿ, ಅಷ್ಟೇ ಸಂಖ್ಯೆಯ ವಯಾ ದಾಟಿ ಹೋಗುವ ಹಾಗೆ ನೋಡಿಕೊಳ್ಳುತ್ತಾರೆ. 1.6 ಮಿಲಿಮೀಟರ್ ಬೋರ್ಡನ್ನು ಮೇಲಿನಿಂದ ಕೆಳಗೆ ದಾಟುವ ಒಂದು ವಯಾ ಸುಮಾರು 10 ಪಿಕೋ ಸೆಕೆಂಡ್ ತಿನ್ನುತ್ತದೆ. ಪದರಗಳ ದಪ್ಪವನ್ನು ಸಾಫ್ಟ್‌ವೇರ್‌ಗೆ ಸರಿಯಾಗಿ ಹೇಳಿಲ್ಲ ಅಂದ್ರೆ ಅದು ಈ ಎತ್ತರವನ್ನು ತಪ್ಪಾಗಿ ಲೆಕ್ಕ ಹಾಕುತ್ತದೆ.

ಚಿಪ್ಪಿನ ಒಳಗೂ ಉದ್ದ ಇದೆ. ಹೊರಗೆ ಕಾಣುವ ಕಪ್ಪು ಚೌಕದ ನಡುವೆ ಇರುವ ಸಿಲಿಕಾನ್ ತುಂಡಿನಿಂದ ಒಂದೊಂದು ಪಿನ್ನಿಗೂ ಬೇರೆ ಬೇರೆ ಉದ್ದದ ದಾರಿ. ದೊಡ್ಡ ಪ್ರೊಸೆಸರ್‌ಗಳಲ್ಲಿ ಇದು ಹಲವು ಮಿಲಿಮೀಟರ್ ಆಗುವುದರಿಂದ, ಪ್ರತಿ ಪಿನ್ನಿನ ಒಳತಡವನ್ನು ಕಂಪನಿಗಳು ಪಟ್ಟಿಯಾಗಿ ಕೊಡುತ್ತವೆ. ಅದನ್ನೂ ಕೂಡಿಸಬೇಕು.

ಡೊಂಕು ಹಾಕುವುದರಲ್ಲೂ ಒಂದು ಎಚ್ಚರ ಬೇಕು. ಜಾಗ ಉಳಿಸಲು ಮಡಿಕೆಗಳನ್ನು ತೀರಾ ಒತ್ತೊತ್ತಾಗಿ ಹಾಕಿದರೆ, ಸಿಗ್ನಲ್‌ನ ಒಂದಷ್ಟು ಭಾಗ ಗೆರೆಯ ಉದ್ದಕ್ಕೂ ಸುತ್ತದೆ ಒಂದು ಮಡಿಕೆಯಿಂದ ಪಕ್ಕದ ಮಡಿಕೆಗೆ ಜಿಗಿದುಬಿಡುತ್ತದೆ. ಕಾಗದದ ಮೇಲೆ ಉದ್ದ ಸರಿಯಿದ್ದರೂ ಸಿಗ್ನಲ್ ಲೆಕ್ಕಕ್ಕಿಂತ ಬೇಗ ಬರುತ್ತದೆ. ಗೆರೆಗೂ ಗ್ರೌಂಡ್ ಹಾಳೆಗೂ ಇರುವ ಅಂತರದ ಕನಿಷ್ಠ ಮೂರು ನಾಲ್ಕು ಪಟ್ಟು ಜಾಗವನ್ನು ಮಡಿಕೆಗಳ ನಡುವೆ ಬಿಡುವುದು ರೂಢಿ.

ಜೋಡಿ ಗೆರೆಗಳು

ಯುಎಸ್‌ಬಿ, ಎಚ್‌ಡಿಎಂಐ, ಹಳೆಯ ಪಿಸಿಐ ಜಾಗಕ್ಕೆ ಬಂದ ಪಿಸಿಐ ಎಕ್ಸ್‌ಪ್ರೆಸ್ ಇವುಗಳಲ್ಲಿ ಒಂದು ಸಿಗ್ನಲ್‌ಗೆ ಎರಡು ಗೆರೆ. ಒಂದರಲ್ಲಿ ವೋಲ್ಟೇಜ್ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ, ಓದುವ ಚಿಪ್ ಎರಡರ ವ್ಯತ್ಯಾಸವನ್ನು ನೋಡುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಒಂದೇ ಹಾಗೆ ತಗುಲುವುದರಿಂದ ವ್ಯತ್ಯಾಸದಲ್ಲಿ ಅಳಿಸಿಹೋಗುತ್ತದೆ. ಇದು ನಡೆಯಬೇಕಾದರೆ ಎರಡೂ ಒಟ್ಟಿಗೆ ತಲುಪಬೇಕು. ತಿರುವಿನಲ್ಲಿ ಹೊರಗಿನ ಗೆರೆ ಉದ್ದವಾಗುತ್ತದೆ, ಆ ತಿರುವಿನ ಹತ್ತಿರವೇ ಒಳಗಿನ ಗೆರೆಗೆ ಸಣ್ಣ ಉಬ್ಬು ಕೊಟ್ಟು ಸರಿಮಾಡುತ್ತಾರೆ.

ಎಷ್ಟು ಸರಿಮಾಡಬೇಕು ಅನ್ನುವುದಕ್ಕೂ ಲೆಕ್ಕವೇ ಉತ್ತರ. ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 48 ಕೋಟಿ ಬಿಟ್, ಒಂದು ಬಿಟ್ಟಿಗೆ ಸುಮಾರು 2083 ಪಿಕೋ ಸೆಕೆಂಡ್. ಜೋಡಿಯಲ್ಲಿ 3 ಮಿಲಿಮೀಟರ್ ತಪ್ಪಿದರೆ 18 ಪಿಕೋ ಸೆಕೆಂಡ್, ಅಂದ್ರೆ ನೂರಕ್ಕೆ ಒಂದು ಪಾಲೂ ಅಲ್ಲ. ಅದೇ 18 ಪಿಕೋ ಸೆಕೆಂಡ್ ಪಿಸಿಐ ಎಕ್ಸ್‌ಪ್ರೆಸ್ ಮೂರನೇ ತಲೆಮಾರಿನಲ್ಲಿ ದೊಡ್ಡದು, ಅಲ್ಲಿ ಬಿಟ್ಟಿನ ಹೊತ್ತೇ 125 ಪಿಕೋ ಸೆಕೆಂಡ್.

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಇನ್ನೊಂದು ವಿಶೇಷ ಇದೆ. ಒಂದು ಜೋಡಿಯ ಒಳಗೆ ಬಿಗಿ ಲೆಕ್ಕ ಬೇಕು, ಆದರೆ ಒಂದು ಜೋಡಿಗೂ ಇನ್ನೊಂದು ಜೋಡಿಗೂ ಬೇಡ. ಕ್ಲಾಕ್ ಡೇಟಾದ ಒಳಗೇ ಬೆರೆತು ಬರುತ್ತದೆ, ಓದುವ ಕಡೆ ಪ್ರತಿ ಜೋಡಿಯೂ ತನ್ನ ಕ್ಲಾಕನ್ನು ತಾನೇ ಹೆಕ್ಕಿಕೊಳ್ಳುತ್ತದೆ, ಮುಂಚೆ ಬಂದವರನ್ನು ನಿಲ್ಲಿಸಿ ತಡವಾದವರಿಗೆ ಕಾಯುವ ವ್ಯವಸ್ಥೆಯೂ ಅಲ್ಲಿದೆ. ಆ ಕಾಯುವಿಕೆ ನ್ಯಾನೋ ಸೆಕೆಂಡುಗಳ ಲೆಕ್ಕದಲ್ಲಿ ಇರುತ್ತದೆ, ಅಂದ್ರೆ ಗೆರೆಯ ಉದ್ದದಲ್ಲಿ ಸೆಂಟಿಮೀಟರ್‌ಗಟ್ಟಲೆ. ಅದನ್ನು ತಿಳಿಯದೆ ಎಲ್ಲ ಜೋಡಿಗಳನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಸಮ ಮಾಡಲು ಹೋದರೆ ಬೋರ್ಡಿನ ಜಾಗವೆಲ್ಲ ಡೊಂಕಿಗೇ ಹೋಗುತ್ತದೆ, ಗೆರೆ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದೆ.

ತಲೆ ಕೆಡಿಸಿಕೊಳ್ಳಬೇಡದ ಜಾಗಗಳು

ಕಲಿಯುವವರು ಬಳಸುವ ಆರ್ಡುಇನೋ ಯುನೋ ಆರ್3 ಬೋರ್ಡಿನ ಕ್ಲಾಕ್ 16 ಮೆಗಾಹರ್ಟ್ಜ್, ಒಂದು ಸುತ್ತಿಗೆ 62.5 ನ್ಯಾನೋ ಸೆಕೆಂಡ್. ಸೆನ್ಸರ್ ಜೋಡಿಸುವ ಐ2ಸಿ ಸಾಮಾನ್ಯವಾಗಿ 100 ಕಿಲೋಹರ್ಟ್ಜ್, ಸುತ್ತಿಗೆ 10,000 ನ್ಯಾನೋ ಸೆಕೆಂಡ್. ಅಲ್ಲಿ ಎರಡು ಗೆರೆಗಳ ನಡುವೆ 10 ಸೆಂಟಿಮೀಟರ್ ವ್ಯತ್ಯಾಸ ಇದ್ದರೂ ಒಂದು ನ್ಯಾನೋ ಸೆಕೆಂಡಿಗಿಂತ ಕಡಿಮೆ. ಮಣ್ಣಿನ ತೇವ ಅಳೆಯುವ ಪ್ರಾಜೆಕ್ಟಿಗೆ ಡೊಂಕು ಗೆರೆ ಹಾಕಬೇಕಿಲ್ಲ, ನೆಟ್ಟಗೆ ಎಳೆದುಬಿಡಿ.

ಕ್ಲಾಕ್ ನಿಧಾನ ಇದ್ದ ಮಾತ್ರಕ್ಕೆ ಬೋರ್ಡು ನಿಧಾನ ಅಂತಲ್ಲ ಅನ್ನುವುದನ್ನು ಮಾತ್ರ ಇಲ್ಲಿ ಸೇರಿಸಲೇಬೇಕು. ಈಗಿನ ಚಿಪ್ಪುಗಳು ಸೊನ್ನೆಯಿಂದ ಒಂದಕ್ಕೆ ಏರುವುದು ಬಲು ಬೇಗ, ಒಂದು ನ್ಯಾನೋ ಸೆಕೆಂಡ್ ಆಸುಪಾಸಿನಲ್ಲಿ. ಆ ಹೊತ್ತಿನಲ್ಲಿ ಸಿಗ್ನಲ್ ಓಡುವುದು 15 ಸೆಂಟಿಮೀಟರ್. ಅದರ ಆರನೇ ಒಂದು ಪಾಲಿಗಿಂತ, ಅಂದ್ರೆ ಎರಡೂವರೆ ಸೆಂಟಿಮೀಟರ್‌ಗಿಂತ ಗೆರೆ ಉದ್ದವಿದ್ದರೆ, ಸಿಗ್ನಲ್ ಕೊನೆಗೆ ತಲುಪಿ ಅಲ್ಲಿಂದ ವಾಪಸ್ ಪುಟಿದು ಬರುವುದು ಕಾಣತೊಡಗುತ್ತದೆ. ಕ್ಲಾಕ್ ಗೆರೆಯಲ್ಲಿ ಹೀಗಾದರೆ ಒಂದು ಏರಿಕೆಯನ್ನು ಚಿಪ್ ಎರಡು ಅಂತ ಎಣಿಸಬಹುದು. ಇದಕ್ಕೆ ಉದ್ದ ಸಮ ಮಾಡುವುದು ಮದ್ದಲ್ಲ. ಸಿಗ್ನಲ್ ಹೊರಡುವ ಕಡೆ 22 ಅಥವಾ 33 ಓಮ್‌ನ ಒಂದು ರೆಸಿಸ್ಟರ್ ಹಾಕಿದರೆ ಬಹಳ ಸಲ ಸರಿಹೋಗುತ್ತದೆ. ಡಿಡಿಆರ್4 ರ‍್ಯಾಮ್ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಪಿನ್‌ಗಳ ಸ್ವಲ್ಪ ಮೇಲೆ ಅಂಥವೇ ಚಿಕ್ಕ ಚಿಕ್ಕ ರೆಸಿಸ್ಟರ್‌ಗಳು ಸಾಲಾಗಿ ಕೂತಿರುವುದು ಕಾಣುತ್ತದೆ. ಇದೇ ಪುಟಿತವನ್ನು ತಗ್ಗಿಸಲು.

ವಾಪಸ್ ಬರುವ ದಾರಿ

ಹೊಸಬರು ಗೆರೆಯ ಮೇಲೆ ಅಷ್ಟೂ ಗಮನ ಕೊಟ್ಟು ಮರೆಯುವುದು ಇದನ್ನು. ಹೋದ ಕರೆಂಟ್ ವಾಪಸ್ ಬರಲೇಬೇಕು, ಬರುವುದು ಗ್ರೌಂಡ್ ಮೂಲಕ. ನಿಧಾನದ ಸಿಗ್ನಲ್ ಆದರೆ ಅದು ಹಾಳೆಯ ತುಂಬ ಹರಡಿಕೊಂಡು ಬರುತ್ತದೆ. ವೇಗ ಹೆಚ್ಚಾದಂತೆ, ಹೆಚ್ಚುಕಡಿಮೆ ಒಂದು ಮೆಗಾಹರ್ಟ್ಜ್ ದಾಟಿದ ಮೇಲೆ, ಗೆರೆಯ ನೇರ ಕೆಳಗೇ ಅಂಟಿಕೊಂಡು ವಾಪಸ್ಸಾಗುತ್ತದೆ. ಅಲ್ಲಿ ಹಾಳೆಯನ್ನು ಸೀಳಿದ್ದರೆ ಕರೆಂಟ್ ಸೀಳಿನ ತುದಿಯವರೆಗೆ ಸುತ್ತಿ ಬರಬೇಕು. ಹೊತ್ತೂ ಹೆಚ್ಚುತ್ತದೆ, ಸುತ್ತಲಿನ ಗೆರೆಗಳಿಗೆ ಗದ್ದಲವೂ ಹಬ್ಬುತ್ತದೆ. ಸಾಫ್ಟ್‌ವೇರ್ ಮಾತ್ರ ಉದ್ದ ಸರಿಯಿದೆ ಅಂತಲೇ ಹಸಿರು ತೋರಿಸುತ್ತಿರುತ್ತದೆ.

ನನ್ನನ್ನು ಕೇಳಿದರೆ ಕ್ರಮ ಹೀಗಿರಬೇಕು: ಮೊದಲು ಸೀಳಿಲ್ಲದ ಗ್ರೌಂಡ್ ಹಾಳೆ, ಆಮೇಲೆ ಗೆರೆಗಳ ನಡುವೆ ಸಾಕಷ್ಟು ಅಂತರ, ಉದ್ದ ಸಮ ಮಾಡುವುದು ಕೊನೆಗೆ. ಪುಕ್ಕಟೆ ಸಿಗುವ ಪಿಸಿಬಿ ಡಿಸೈನ್ ಸಾಫ್ಟ್‌ವೇರ್ ಕೀಕ್ಯಾಡ್‌ನಲ್ಲೂ ಉದ್ದ ಹೊಂದಿಸುವ ಸಾಧನ ಇದೆ, ಬೇಕಾದ ಉದ್ದ ಕೊಟ್ಟು ಮೌಸ್ ಎಳೆದರೆ ಡೊಂಕನ್ನು ಅದೇ ಬಿಡಿಸುತ್ತದೆ. ಅಷ್ಟು ಸುಲಭ ಆಗಿರುವುದರಿಂದಲೇ ಬೇಡದ ಕಡೆಯೂ ಹಾಕುವ ಚಪಲ ಬರುತ್ತದೆ.

ನಮ್ಮ ಊರಿಗೆ ಇದರಿಂದ ಏನು

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂತು. ಬೇಳೆ ಮಿಲ್ಲುಗಳಲ್ಲಿ ಬಳಸುವ ಕಲರ್ ಸಾರ್ಟರ್ ಮಷಿನ್ ನೋಡಿದ್ದೀರಾ? ಮೇಲಿನಿಂದ ಸುರಿಯುವ ಬೇಳೆಯನ್ನು ಕ್ಯಾಮೆರಾ ನೋಡುತ್ತದೆ, ಕಪ್ಪಾದ ಕಾಳು, ಸಿಪ್ಪೆ ಉಳಿದ ಕಾಳು ಕಂಡರೆ ಅದು ಕೆಳಗೆ ಬೀಳುವುದರೊಳಗೆ ಗಾಳಿ ಊದಿ ಪಕ್ಕಕ್ಕೆ ಹಾರಿಸುತ್ತದೆ. ಕ್ಯಾಮೆರಾದಿಂದ ಬರುವ ಚಿತ್ರವನ್ನು ಅಷ್ಟು ಬೇಗ ತೂಗಿ ನೋಡಬೇಕಾದರೆ ಒಳಗೆ ವೇಗದ ಪ್ರೊಸೆಸರ್, ಮೆಮೊರಿ, ಅವುಗಳ ನಡುವೆ ಹೀಗೆ ಲೆಕ್ಕ ಹಾಕಿ ಎಳೆದ ಗೆರೆಗಳು ಬೇಕೇ ಬೇಕು.

ಆ ಮಷಿನ್ ಕೆಲಸ ಮಾಡಬೇಕಿರುವುದು ಧೂಳು ತುಂಬಿದ ಮಿಲ್ಲಿನಲ್ಲಿ, ಅದೂ ಮೇ ತಿಂಗಳಲ್ಲಿ ಬಿಸಿ 40 ಡಿಗ್ರಿ ದಾಟಿ ಮೇಲೇರುವ ನಮ್ಮೂರಿನಲ್ಲಿ. ಮುಚ್ಚಿದ ಡಬ್ಬಿಯ ಒಳಗೆ ಇನ್ನೂ ಬಿಸಿ. ಬಿಸಿಯಾದಾಗ ಚಿಪ್ಪಿನ ಒಳಗಿನ ಹೊತ್ತುಗಳು ಬದಲಾಗುತ್ತವೆ. ಸಾಮಾನ್ಯ ದರ್ಜೆಯ ಚಿಪ್ಪುಗಳಿಗೆ ಕಂಪನಿ ಖಾತ್ರಿ ಕೊಡುವುದು 0ಯಿಂದ 70 ಡಿಗ್ರಿಯವರೆಗೆ, ಕೈಗಾರಿಕಾ ದರ್ಜೆಯವಕ್ಕೆ ಮೈನಸ್ 40ರಿಂದ 85ರವರೆಗೆ. ಡಿಡಿಆರ್ ಮೆಮೊರಿ 85 ದಾಟಿದರೆ ಒಳಗಿನ ಮಾಹಿತಿ ಅಳಿಯದಂತೆ ರಿಫ್ರೆಶ್ ಮಾಡುವುದನ್ನೇ ಎರಡು ಪಟ್ಟು ಹೆಚ್ಚಿಸಬೇಕಾಗುತ್ತದೆ. ಎಸಿ ಲ್ಯಾಬಿನಲ್ಲಿ ಅಂಚಿನಲ್ಲಿ ಪಾಸಾದ ಬೋರ್ಡು ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ನಿಂತು ರಾತ್ರಿ ಮತ್ತೆ ನಡೆಯುವುದು ಹೀಗೆ.

ಮನೆಯ ಕಂಪ್ಯೂಟರ್‌ನಲ್ಲೂ ಇದನ್ನು ಪರೀಕ್ಷೆ ಮಾಡಬಹುದು. ಬೇಸಿಗೆಯ ಮಧ್ಯಾಹ್ನ ಮಾತ್ರ ತಾನಾಗೇ ನಿಲ್ಲುತ್ತಿದ್ದರೆ, ಮೊದಲು ಫ್ಯಾನಿನ ಧೂಳು ತೆಗೆದು ಪ್ರೊಸೆಸರ್‌ನ ಬಿಸಿ ನೋಡಿ. ಅಲ್ಲಿ ತೊಂದರೆ ಕಾಣದಿದ್ದರೆ ಅದೇ ಬಿಸಿಯ ಹೊತ್ತಿನಲ್ಲಿ ಮೆಮೊರಿ ಪರೀಕ್ಷೆ ಓಡಿಸಿ. ತಪ್ಪು ಬಂದರೆ, ರ‍್ಯಾಮ್ ಎಸೆಯುವ ಮುಂಚೆ, ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆಯಾದ ಬಯೋಸ್‌ಗೆ ಹೋಗಿ ವೇಗವನ್ನು 3200ರಿಂದ 2666ಕ್ಕೆ ಇಳಿಸಿ ಮತ್ತೆ ಓಡಿಸಿ. ಒಂದು ಬಿಟ್ಟಿನ ಹೊತ್ತು 312.5ರಿಂದ 375 ಪಿಕೋ ಸೆಕೆಂಡಿಗೆ ಏರುತ್ತದೆ. ಈ ಹೆಚ್ಚುವರಿ 62 ಪಿಕೋ ಸೆಕೆಂಡ್ ಅಂದ್ರೆ ಒಳಪದರದ ಗೆರೆಯಲ್ಲಿ ಸುಮಾರು 9 ಮಿಲಿಮೀಟರ್ ಓಟ. ಅಷ್ಟಕ್ಕೇ ತಪ್ಪುಗಳು ನಿಂತುಹೋದರೆ ಚಿಪ್ ಸತ್ತಿರುವ ಸಾಧ್ಯತೆ ಕಡಿಮೆ, ಹೊತ್ತು ಸಾಲುತ್ತಿರಲಿಲ್ಲ ಅಷ್ಟೇ.